ಹಿಡಿಯೋದನ್ನ ಕಲಿಸೋರು ಯಾರು? ಸಿಂಧನೂರು, ಮಸ್ಕಿ, ಲಿಂಗಸುಗೂರು ಮಕ್ಕಳ ಕಬಡ್ಡಿಯಲ್ಲಿ ಮರೆತುಹೋದ ಅರ್ಧ ಆಟ

ಮಸ್ಕಿ ತಾಲೂಕಿನ ಒಂದು ಶಾಲಾ ಮೈದಾನ. ಮಳೆಗಾಲದ ಕ್ರೀಡಾಕೂಟ. ಎರೆ ಮಣ್ಣಿನ ಮೇಲೆ ಸುಣ್ಣದ ಗೆರೆ ಎಳೆದಿದ್ದಾರೆ, ಅದು ಆಗಲೇ ಅರ್ಧ ಅಳಿಸಿದೆ. ಎಡ ಮೂಲೆಯಲ್ಲಿ ನಿಂತಿದ್ದ ಎಂಟನೇ ಕ್ಲಾಸಿನ ಹುಡುಗ ದಾಳಿಗೆ ಬಂದವನ ಕಾಲಿಗೆ ತಲೆ ಮುಂದೆ ಮಾಡಿಕೊಂಡು ಧುಮುಕಿದ. ಬಂದವನ ಮೊಣಕಾಲು ನೇರವಾಗಿ ಅವನ ಮುಖಕ್ಕೆ ಬಡಿಯಿತು. ತುಟಿ ಸೀಳಿ ರಕ್ತ. ಅಷ್ಟು ಹೊತ್ತೂ ಗೆರೆಯಾಚೆ ನಿಂತು ದೊಡ್ಡವರು ಕೂಗುತ್ತಿದ್ದದ್ದು ಒಂದೇ ಮಾತು: "ಹಿಡೀರಲೇ! ಬಿಡಬ್ಯಾಡ್ರಲೇ!"

ಹುಡುಗ ಬೇವಿನ ಗಿಡದ ಕೆಳಗೆ ಒದ್ದೆ ಟವೆಲ್ ಬಾಯಿಗೆ ಒತ್ತಿಕೊಂಡು ಕುಳಿತ. ಸ್ವಲ್ಪ ಹೊತ್ತಿಗೆ ಅಪ್ಪ ಬೈಕ್ ಮೇಲೆ ಬಂದರು. ಜಗಳ ಮಾಡಲಿಲ್ಲ. "ಸಾಕು ಬಿಡಪಾ, ಇನ್ನ ಆಟ ಗೀಟ ಏನ್ ಬ್ಯಾಡ," ಅಂದು ಹಿಂದೆ ಕೂರಿಸಿಕೊಂಡು ಹೋದರು. ಅಪ್ಪನ ಮಾತು ತಪ್ಪು ಅಂತ ನನಗೆ ಅನ್ನಿಸಲಿಲ್ಲ. 'ಹಿಡಿ' ಅಂತ ಹೇಳಿದವರು ಹತ್ತಾರು ಜನ ಇದ್ದರು. ಹೇಗೆ ಹಿಡೀಬೇಕು ಅಂತ ಆ ಹುಡುಗನಿಗೆ ಒಂದು ದಿನವಾದರೂ ಹೇಳಿಕೊಟ್ಟವರು ಯಾರೂ ಇದ್ದಂತಿರಲಿಲ್ಲ.

ನಮ್ಮ ಕಡೆ ಮಕ್ಕಳ ಕಬಡ್ಡಿ ತರಬೇತಿ ಅಂದರೆ ಬಹುತೇಕ ರೈಡಿಂಗ್ ತರಬೇತಿಯೇ. ಓಡಿಸ್ತಾರೆ, ಕಾಲು ಚಾಚೋದು ಕಲಿಸ್ತಾರೆ, ಉಸಿರು ಕಟ್ಟೋದು ಕಲಿಸ್ತಾರೆ. ಡಿಫೆನ್ಸ್ ತಾನಾಗೇ ಬರುತ್ತೆ, ಧೈರ್ಯ ಇದ್ದರೆ ಸಾಕು ಅಂತ ಬಿಟ್ಟುಬಿಡ್ತಾರೆ. ಟಿವಿ ನೋಡಿದರೂ ಹಾಗೇ ಕಾಣುತ್ತೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ 38–33ರಿಂದ ಗುಜರಾತ್ ತಂಡವನ್ನು ಸೋಲಿಸಿ ಪ್ರೊ ಕಬಡ್ಡಿ ಕಪ್ ಗೆದ್ದಾಗ ಎಲ್ಲರ ಬಾಯಲ್ಲೂ ಇದ್ದದ್ದು ಪವನ್ ಸೆಹ್ರಾವತ್ ಮತ್ತು ಫೈನಲ್‌ನಲ್ಲಿ ಅವನು ತಂದ 22 ಪಾಯಿಂಟ್. ಅವತ್ತು ಮೂಲೆಯಲ್ಲಿ ನಿಂತವರ ಹೆಸರು ಸಿಂಧನೂರಿನ ಎಷ್ಟು ಹುಡುಗರಿಗೆ ನೆನಪಿದೆ?

ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ದಾಳಿಗೆ 30 ಸೆಕೆಂಡ್. ಎರಡೂ ತಂಡ ಪಾಳಿ ಪ್ರಕಾರ ದಾಳಿ ಮಾಡ್ತಾವೆ. ದೊಡ್ಡವರ ಪಂದ್ಯ 20 ನಿಮಿಷದ ಎರಡು ಅವಧಿ. ಅಂದರೆ ಪ್ರತಿ ದಾಳಿ ಪೂರ್ತಿ ಸಮಯ ತಗೊಂಡರೂ ನಿಮ್ಮ ತಂಡ ಕನಿಷ್ಠ 40 ಸಲ ದಾಳಿ ಮಾಡುತ್ತೆ, 40 ಸಲ ದಾಳಿ ಎದುರಿಸುತ್ತೆ. ದಾಳಿಗೆ ಹೋಗೋನು ಒಬ್ಬ. ಎದುರಿಸೋರು ಏಳು ಜನ. ಆಟದ ಅರ್ಧ ಹೊತ್ತು, ತಂಡದ ಅಷ್ಟೂ ಜನ ಮಾಡೋ ಕೆಲಸವನ್ನೇ ನಾವು ಕಲಿಸದೆ ಬಿಟ್ಟಿದ್ದೇವೆ.

ಅಮೆರಿಕನ್ ಫುಟ್ಬಾಲ್ ಅಂತ ಒಂದು ಆಟ ಇದೆ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳೋದು. ಅಲ್ಲಿ ಚೆಂಡು ಒಯ್ಯೋಕೆ ಒಂದು ಪಡೆ, ತಡೆಯೋಕೆ ಬೇರೆಯದೇ ಪಡೆ. ತಡೆಯೋ ಪಡೆಗೆ ಪ್ರತ್ಯೇಕ ಕೋಚ್ ಇರ್ತಾನೆ. ತಲೆಗೆ ಬೀಳೋ ಪೆಟ್ಟು ಮಿದುಳಿಗೆ ಏನು ಮಾಡುತ್ತೆ ಅನ್ನೋದು ಅಲ್ಲಿ ದೊಡ್ಡ ಚರ್ಚೆಯಾದ ಮೇಲೆ ಮಕ್ಕಳಿಗೆ ಟ್ಯಾಕಲ್ ಹೇಳಿಕೊಡೋ ರೀತಿಯನ್ನೇ ಬದಲಿಸಿದರು. ತಲೆ ಮುಂದೆ ಮಾಡಬೇಡ, ಭುಜದಿಂದ ಹೋಗು, ಕಣ್ಣು ಮೇಲಿರಲಿ ಅಂತ. ನಮ್ಮ ಹುಡುಗರಿಗೆ ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ, ಎಷ್ಟೋ ಕಡೆ ಬೂಟೂ ಇಲ್ಲ. ಅವರಿಗೆ ಈ ಮಾತು ಇನ್ನೂ ಮೊದಲು ಹೇಳಬೇಕಿತ್ತು.

ಏಳು ಜನ, ಏಳು ಕೆಲಸ

ಅಂಕಣದ ಅಳತೆಯಿಂದ ಶುರು ಮಾಡೋಣ, ಡಿಫೆನ್ಸ್ ಅನ್ನೋದೇ ಜಾಗದ ಲೆಕ್ಕಾಚಾರ. ದೊಡ್ಡವರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ ನಿಮ್ಮ ಭಾಗ ಆರೂವರೆ ಮೀಟರ್. ಅದರಲ್ಲಿ 3.75 ಮೀಟರ್‌ಗೆ ಬಾಕ್ ಲೈನ್, ಅಲ್ಲಿಂದ ಒಂದು ಮೀಟರ್ ಹಿಂದೆ ಬೋನಸ್ ಗೆರೆ. ಬಂದವನು ಯಾರನ್ನೂ ಮುಟ್ಟದೆ ವಾಪಸ್ ಹೋಗಬೇಕಂದರೂ ಬಾಕ್ ಲೈನ್ ದಾಟಲೇಬೇಕು. ಇಲ್ಲದಿದ್ದರೆ ಅವನೇ ಔಟ್. ಬೋನಸ್ ಗೆರೆಯ ಹಿಂದೆ ನಿಮಗೆ ಉಳಿಯೋದು ಎರಡು ಮೀಟರ್‌ಗಿಂತ ಕಡಿಮೆ ಜಾಗ. ಸಣ್ಣ ಮಕ್ಕಳ ಅಂಕಣ ಇನ್ನೂ ಚಿಕ್ಕದು. ಹೀಗಾಗಿ ಮೂಲೆಯವನು ಮೈಮರೆತು ಒಂದು ಹೆಜ್ಜೆ ಹಿಂದೆ ಸರಿದರೂ ಗೆರೆಯಾಚೆ ಹೋಗ್ತಾನೆ. ಯಾರೂ ಮುಟ್ಟದೇನೇ ಔಟ್.

ಏಳು ಜನ ಅರ್ಧಚಂದ್ರದ ಹಾಗೆ ನಿಲ್ತಾರೆ. ಎರಡು ತುದಿಗೆ ಇಬ್ಬರು ಕಾರ್ನರ್. ಅವರ ಪಕ್ಕ ಇಬ್ಬರು ಇನ್. ಅದರ ಪಕ್ಕ ಇಬ್ಬರು ಕವರ್. ನಡುವೆ ಸೆಂಟರ್. ಕಾರ್ನರ್ ಕೆಲಸ ಕಾಲು ಹಿಡಿಯೋದು: ಪಾದ, ಮೀನಖಂಡ, ತೊಡೆ. ಕವರ್ ಕೆಲಸ ವಾಪಸ್ ಹೋಗೋ ದಾರಿ ಮುಚ್ಚೋದು. ಕಾರ್ನರ್ ಬಾಗಿಲು ಎಳೆದರೆ ಕವರ್ ಚಿಲಕ ಹಾಕಬೇಕು. ನಮ್ಮ ಶಾಲಾ ತಂಡಗಳಲ್ಲಿ ಆಗೋದು ಏನಂದರೆ, ಎತ್ತರದ ಹುಡುಗ, ದಪ್ಪನೆಯ ಹುಡುಗ ಮೂಲೆಗೆ, ಉಳಿದವರು ಸಿಕ್ಕ ಜಾಗಕ್ಕೆ. ಮೂಲೆಗೆ ಬೇಕಾದ್ದು ಕೆಳಗೆ ಕೂರೋ ತೊಡೆ ಮತ್ತು ತಾಳ್ಮೆ. ಸಣ್ಣ ಮೈಯ, ಬೇಗ ಬಗ್ಗುವ ಹುಡುಗ ಅಲ್ಲಿ ಎಷ್ಟೋ ಸಲ ಚೆನ್ನಾಗಿ ಆಡ್ತಾನೆ. ಎದೆ ಅಗಲದ ಹುಡುಗನನ್ನ ಕವರ್‌ಗೆ ಕಳಿಸಿ.

ಕೈ ಕೈ ಹಿಡಿದು ನಿಲ್ಲೋ ಚೈನ್ ಎಲ್ಲರಿಗೂ ಗೊತ್ತು. ಆದರೆ ಅದನ್ನ ಯಾಕೆ ಹಿಡೀತಾರೆ ಅಂತ ಮಕ್ಕಳನ್ನ ಕೇಳಿದರೆ "ಗಟ್ಟಿ ಇರ್ತೈತ್ರಿ ಸರ್" ಅಂತಾರೆ. ಗಟ್ಟಿತನ ಆಮೇಲಿನ ಮಾತು, ಮೊದಲು ಸಿಗೋದು ಸುದ್ದಿ. ದಾಳಿಗಾರ ಎಡ ಮೂಲೆಯಲ್ಲಿರುವಾಗ ಕವರ್‌ನವನು ಅವನ ಮುಖ ನೋಡ್ತಿರ್ತಾನೆ. ಪಕ್ಕದವನು ಯಾವಾಗ ಮುನ್ನುಗ್ಗಿದ ಅನ್ನೋದು ಅವನಿಗೆ ಕೈಯಿಂದಲೇ ತಿಳಿಯಬೇಕು. ಕಣ್ಣಿಗಿಂತ ಕೈ ಬೇಗ ಹೇಳುತ್ತೆ. ಇದನ್ನ ಅಭ್ಯಾಸ ಮಾಡಿಸೋಕೆ ಒಂದು ಟವೆಲ್ ಸಾಕು. ಇಬ್ಬರು ಎರಡು ತುದಿ ಹಿಡಿದು, ಟವೆಲ್ ಜೋತು ಬೀಳದಂತೆ, ಬಿಗಿದು ಹರಿಯದಂತೆ, ದಾಳಿಗಾರನ ಜೊತೆ ಹಿಂದೆ ಮುಂದೆ ಸರಿಯಬೇಕು. ಹತ್ತು ನಿಮಿಷ ಮಾಡಿಸಿ ನೋಡಿ, ಯಾರು ಪಕ್ಕದವನನ್ನ ಗಮನಿಸ್ತಾನೆ, ಯಾರು ತನ್ನ ಪಾಡಿಗೆ ತಾನು ಆಡ್ತಾನೆ ಅಂತ ತಿಳಿದುಬಿಡುತ್ತೆ.

ಹಿಡಿಯದೇ ಇರೋದೂ ಡಿಫೆನ್ಸೇ

ಮಕ್ಕಳಿಗೆ ಒಪ್ಪಿಸೋಕೆ ಅತ್ಯಂತ ಕಷ್ಟವಾದ ಪಾಠ ಇದು. ಬಂದವನು ಏನೂ ಸಿಗದೆ ವಾಪಸ್ ಹೋದರೆ ಅದು ಡಿಫೆನ್ಸಿನ ಗೆಲುವು. ಆದರೆ ಅದಕ್ಕೆ ಚಪ್ಪಾಳೆ ಇಲ್ಲ, ಸ್ಕೋರ್ ಬೋರ್ಡ್ ಮೇಲೆ ಅಂಕಿಯೂ ಇಲ್ಲ. ಹಾಗಾಗಿ ಹುಡುಗರು ಮೊದಲ ಐದು ಸೆಕೆಂಡಿಗೇ ಹಾರಿ ಬೀಳ್ತಾರೆ.

ತಪ್ಪು ಹಿಡಿತದ ಬೆಲೆ ಎಷ್ಟು ಅಂತ ಅವರಿಗೆ ಲೆಕ್ಕ ಬಿಡಿಸಿ ಹೇಳಬೇಕು. ಹಿಡಿದು ತಪ್ಪಿಸಿಕೊಂಡರೆ ಎದುರಾಳಿಗೆ ಒಂದು ಪಾಯಿಂಟ್, ಜೊತೆಗೆ ನಿಮ್ಮ ಒಬ್ಬ ಹೊರಗೆ. ಆ ಹುಡುಗ ವಾಪಸ್ ಬರಬೇಕಂದರೆ ನಿಮ್ಮ ತಂಡ ಎದುರಿನವರಲ್ಲಿ ಒಬ್ಬನನ್ನ ಔಟ್ ಮಾಡಬೇಕು. ಮೂವರು ಒಟ್ಟಿಗೆ ಮೈಮೇಲೆ ಬಿದ್ದು, ಅವನು ಹೇಗೋ ಬೆರಳ ತುದಿಯನ್ನ ನಡುಗೆರೆಗೆ ತಾಗಿಸಿದ ಅಂದರೆ ಮೂವರೂ ಔಟ್, ಮೂರು ಪಾಯಿಂಟ್. ಏಳೂ ಜನ ಹೊರಗೆ ಹೋದರೆ ಲೋನಾ, ಮತ್ತೆ ಎರಡು. ಇದಕ್ಕೆ ಹೋಲಿಸಿದರೆ ಬೋನಸ್ ಅಗ್ಗ. ಅಂಕಣದಲ್ಲಿ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಅದು ಸಿಗೋದು, ಒಂದು ಪಾಯಿಂಟ್ ಹೋಗುತ್ತೆ, ಆದರೆ ನಿಮ್ಮವನು ಯಾರೂ ಹೊರಗೆ ಹೋಗಲ್ಲ. ಬೋನಸ್ ಗೆರೆಗೆ ಕಾಲು ಹಾಕೋದು ಎಷ್ಟೋ ಸಲ ಮೂಲೆಯವನಿಗೆ ಒಡ್ಡಿದ ಗಾಳವೇ. ಆ ಕಾಲು ಕಂಡ ಕೂಡಲೇ ಬೀಳೋ ಹುಡುಗ ಪಂದ್ಯದ ಅರ್ಧ ಹೊತ್ತು ಗೆರೆಯಾಚೆ ಕುಳಿತಿರ್ತಾನೆ.

ಅಭ್ಯಾಸದಲ್ಲಿ ಒಂದು ಸಣ್ಣ ಬದಲಾವಣೆ ಮಾಡಬಹುದು. ಮೊದಲ ಹತ್ತು ದಾಳಿಗಳಲ್ಲಿ ಯಾರೂ ಹಿಡಿಯೋ ಹಾಗೇ ಇಲ್ಲ. ಅಂತರ ಕಾಪಾಡೋದಷ್ಟೇ ಕೆಲಸ. ಖಾಲಿ ಕೈಯಲ್ಲಿ ಕಳಿಸಿದರೆ ಡಿಫೆನ್ಸ್‌ಗೆ ಒಂದು ಪಾಯಿಂಟ್ ಅಂತ ನೀವೇ ನಿಯಮ ಮಾಡಿ. ಮುಂದಿನ ಹತ್ತು ದಾಳಿಯಲ್ಲಿ ಎಡ ಕಾರ್ನರ್ ಒಬ್ಬನೇ ಶುರು ಮಾಡಬೇಕು, ಉಳಿದವರು ಅವನು ಹೋದ ಮೇಲೆ ಹೋಗಬೇಕು. ಆಮೇಲೆ ಬಲ ಕಾರ್ನರ್. ಯಾರು ಶುರು ಮಾಡ್ತಾರೆ ಅನ್ನೋದು ಮೊದಲೇ ಗೊತ್ತಿಲ್ಲದ ತಂಡದಲ್ಲಿ ನಾಲ್ವರು ಒಟ್ಟಿಗೆ ಹೋಗ್ತಾರೆ, ಇಲ್ಲವೇ ಒಬ್ಬನೇ ಹೋಗಿ ಸಿಕ್ಕಿಹಾಕಿಕೊಳ್ತಾನೆ. ಎರಡೂ ಕಡೆ ಪೆಟ್ಟಾಗೋದು ಹೆಚ್ಚು.

ಪ್ರೊ ಕಬಡ್ಡಿಯಲ್ಲಿ ಸತತ ಎರಡು ಖಾಲಿ ದಾಳಿ ಆದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲಾಂದ್ರೆ ದಾಳಿಗಾರ ಔಟ್. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಹಿಡಿದರೆ ಒಂದು ಹೆಚ್ಚುವರಿ ಪಾಯಿಂಟ್, ಸೂಪರ್ ಟ್ಯಾಕಲ್. ಕಾದು ಆಡೋ ತಂಡಕ್ಕೆ ಇವೆರಡೂ ವರ. ಆದರೆ ನಿಮ್ಮೂರ ಕೂಟದಲ್ಲಿ ಈ ನಿಯಮ ಇದೆಯೋ ಇಲ್ಲವೋ ಅಂತ ಪಂದ್ಯಕ್ಕೆ ಮೊದಲೇ ರೆಫರಿಯನ್ನ ಕೇಳಿಕೊಳ್ಳಿ. ಜಾತ್ರೆ ಕಬಡ್ಡಿಯಲ್ಲಿ ಅರ್ಧ ಜಗಳ ಇಲ್ಲೇ ಹುಟ್ಟೋದು.

ತಲೆ ಎಲ್ಲಿರಬೇಕು

ಈಗ ಬೇವಿನ ಗಿಡದ ಕೆಳಗೆ ಕುಳಿತ ಹುಡುಗನ ವಿಷಯಕ್ಕೆ ಬರ್ತೀನಿ. ಅವನು ಮಾಡಿದ್ದು ಆಂಕಲ್ ಹೋಲ್ಡ್, ಅಂದರೆ ಪಾದದ ಗಂಟು ಹಿಡಿಯೋದು. ಕಾರ್ನರ್‌ಗೆ ಅದೇ ಮೊದಲ ಅಸ್ತ್ರ. ಅವನ ಧೈರ್ಯಕ್ಕೆ ಏನೂ ಕೊರತೆ ಇರಲಿಲ್ಲ, ತಲೆ ಇದ್ದ ಜಾಗ ತಪ್ಪಾಗಿತ್ತು.

ತಲೆ ಎಂದೂ ಮೊಣಕಾಲಿನ ಎದುರಿಗೆ ಇರಬಾರದು. ತೊಡೆಯ ಹೊರಬದಿಗೆ ಇರಬೇಕು, ಕೆನ್ನೆ ತೊಡೆಗೆ ಅಂಟಿದ ಹಾಗೆ. ಗದ್ದ ಮೇಲೆ, ಕಣ್ಣು ತೆರೆದು. ಕಣ್ಣು ಮುಚ್ಚಿಕೊಂಡು ಬೀಳೋ ಹುಡುಗರೇ ಹೆಚ್ಚು. ಅಭ್ಯಾಸದಲ್ಲಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ತೋರಿಸಿ, ಅವರಿಗೇ ನಗು ಬರುತ್ತೆ. ಸೊಂಟದಿಂದ ಬಗ್ಗಬಾರದು, ಮೊಣಕಾಲಿನಿಂದ ಕೂರಬೇಕು. ಇದನ್ನ ನಮ್ಮ ಕಡೆ ಹುಡುಗರಿಗೆ ಹೇಳಿಕೊಡೋದು ಸುಲಭ. ಸಿಂಧನೂರು ಕಾಲುವೆ ಭಾಗದಲ್ಲಿ ಸುಗ್ಗಿ ಬಂದರೆ ನೆಲ್ಲಿನ ಚೀಲ ಎತ್ತೋ ಹಮಾಲರನ್ನ ನೋಡದ ಮಗು ಇಲ್ಲ. ಬೆನ್ನು ಬಗ್ಗಿಸಿ ಚೀಲ ಎತ್ತಿದವನ ಸೊಂಟ ಹಿಡಿಯುತ್ತೆ, ಕುಕ್ಕರಗಾಲಲ್ಲಿ ಕೂತು ಎತ್ತಿದವನದು ಇಲ್ಲ. "ಚೀಲ ಎತ್ತೋ ಹಂಗ ಕೂಡು" ಅಂದರೆ ಸಾಕು.

ಯಾವಾಗ ಹಿಡೀಬೇಕು? ಬಂದವನ ಕಾಲು ನೆಲಕ್ಕೆ ಊರಿ, ಮೈಭಾರ ಅದರ ಮೇಲೆ ಬಿದ್ದ ಗಳಿಗೆ. ಗಾಳಿಯಲ್ಲಿರೋ ಕಾಲು ಒದೆಯುತ್ತೆ. ಊರಿದ ಕಾಲನ್ನ ತಕ್ಷಣ ಎಳೆದುಕೊಳ್ಳೋಕೆ ಆಗಲ್ಲ. ಎರಡೂ ಕೈ ಪಾದದ ಗಂಟಿನ ಸುತ್ತ, ಎದೆಯ ಕಡೆಗೆ ಎಳೆತ. ಒಬ್ಬನೇ ಅವನನ್ನ ಪೂರ್ತಿ ಬೀಳಿಸಬೇಕಾಗಿಲ್ಲ, ಕವರ್ ಬರೋವರೆಗೆ ಒಂದೆರಡು ಕ್ಷಣ ನಿಲ್ಲಿಸಿದರೆ ಆಯ್ತು. ತೊಡೆ ಹಿಡಿತ ಇದಕ್ಕಿಂತ ಕ್ಷೇಮ, ಸಣ್ಣ ಮಕ್ಕಳಿಗೆ ಅದನ್ನೇ ಮೊದಲು ಕಲಿಸೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ದಾಳಿಗಾರ ಬೆನ್ನು ತಿರುಗಿಸಿದಾಗ ಹಿಂದಿನಿಂದ, ಪಕ್ಕದಿಂದ ಎರಡೂ ತೊಡೆ ತಬ್ಬಿ, ಕೈ ಬಿಗಿದು, ಭುಜ ಒತ್ತಿ ಎತ್ತೋದು. ಇಲ್ಲಿ ತಲೆ ತಾನಾಗೇ ಅವನ ಸೊಂಟದ ಪಕ್ಕಕ್ಕೆ ಹೋಗುತ್ತೆ. ಓಡಿ ಬಂದು ಗುದ್ದೋ ಡ್ಯಾಶ್ ಟಿವಿಯಲ್ಲಿ ಚೆಂದ, ಎರೆ ಮಣ್ಣಿನ ಮೇಲೆ ಹದಿಮೂರರ ಮಕ್ಕಳಿಗೆ ಅದು ಬೇಡವೇ ಬೇಡ.

ನಿಯಮವೂ ಇದನ್ನೇ ಹೇಳುತ್ತೆ. ಕೈಕಾಲು ಮತ್ತು ಮುಂಡ ಬಿಟ್ಟು ಬೇರೆ ಕಡೆ ಹಿಡಿಯೋ ಹಾಗಿಲ್ಲ. ಕುತ್ತಿಗೆಗೆ ಕೈ ಹಾಕೋದು, ಕೂದಲು ಎಳೆಯೋದು, ಉಸಿರು ನಿಲ್ಲಲಿ ಅಂತ ಬಾಯಿ ಮುಚ್ಚೋದು, ಎರಡು ಕಾಲಿನ ನಡುವೆ ಕತ್ತರಿ ಹಾಕಿ ಕೆಡವೋದು, ಎಲ್ಲವೂ ತಪ್ಪು. ಹಳ್ಳಿ ಪಂದ್ಯಗಳಲ್ಲಿ ಕತ್ತರಿಗೆ ಶಿಳ್ಳೆ ಬೀಳೋದನ್ನ ನಾನೇ ನೋಡಿದ್ದೀನಿ. ಅಲ್ಲಿ ಹೋದ ಮೊಣಕಾಲು ಮತ್ತೆ ಮೊದಲಿನ ಹಾಗೆ ಆಗೋದು ಕಷ್ಟ.

ಬೀಳೋದನ್ನೂ ಕಲಿಸಬೇಕು. ಸಿಂಧನೂರಲ್ಲಿ ಮ್ಯಾಟ್ ಇಲ್ಲ ಅನ್ನೋ ಶಾಲೆಗೂ ನೆಲ್ಲಿನ ಹುಲ್ಲಿಗೆ ಬರ ಇಲ್ಲ. ದಪ್ಪಗೆ ಹುಲ್ಲು ಹರಡಿ, ಮೇಲೆ ತಾಡಪಾಲು ಬಿಗಿದು ಕಟ್ಟಿದರೆ ವಾರಗಟ್ಟಲೆ ಬರುತ್ತೆ. ಹಿಡಿತದ ಅಭ್ಯಾಸ ಮೊದಲು ಅದರ ಮೇಲೆ, ನಡೆದು ಬರೋ ದಾಳಿಗಾರನ ಜೊತೆ. ಓಟ ಆಮೇಲೆ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನ ಹಾಗಾಗುತ್ತೆ, ಮಳೆಯಲ್ಲಿ ಕಾಲಿಗೆ ಅಂಟುತ್ತೆ. ಲಿಂಗಸುಗೂರು ಕಡೆಯ ಮಸಾರಿ ನೆಲ ಸ್ವಲ್ಪ ವಾಸಿ, ಆದರೆ ಅಲ್ಲಿ ಗರಸು. ಇನ್ನೊಂದು ತೊಂದರೆ ಏನಂದರೆ ಬರಿಗಾಲಲ್ಲಿ ಮಣ್ಣಿನ ಮೇಲೆ ಕಲಿತ ಮಗು ತಾಲೂಕು, ಜಿಲ್ಲೆ ದಾಟಿ ಮೇಲೆ ಹೋದಾಗ ಮ್ಯಾಟ್ ಮೇಲೆ ಬೂಟು ಹಾಕಿ ಆಡಬೇಕು. ಮಣ್ಣಲ್ಲಿ ಜಾರಿ ಹೋಗಿ ಕಾಲು ಹಿಡಿಯೋನು ಅಲ್ಲಿ ಜಾರಲ್ಲ, ಕಚ್ಚಿಕೊಂಡು ನಿಲ್ತಾನೆ, ಮೊಣಕಾಲು ತಿರುಚುತ್ತೆ. ಆಯ್ಕೆ ಆದ ಮಕ್ಕಳಿಗೆ ಕೆಲವು ದಿನವಾದರೂ ಮ್ಯಾಟ್ ಸಿಗಬೇಕು. ಮೂರು ತಾಲೂಕಿಗೆ ಸೇರಿ ಒಂದು ಸೆಟ್ ತಂದು ಪಾಳಿ ಪ್ರಕಾರ ಹಂಚಿದರೂ ಇದು ಆಗುತ್ತೆ. ಕಲ್ಯಾಣ ಕರ್ನಾಟಕದ ಹೆಸರಲ್ಲಿ ಬರೋ ದುಡ್ಡಿನಲ್ಲಿ ಇದೇನೂ ದೊಡ್ಡ ಕೇಳಿಕೆ ಅಲ್ಲ.

ತಲೆಗೆ ಪೆಟ್ಟು ಬಿದ್ದ ಮಗು ವಾಂತಿ ಮಾಡಿದರೆ, ತೂಕಡಿಸಿದರೆ, ಕೇಳಿದ್ದನ್ನೇ ಕೇಳಿದರೆ, ಬೆಳಕು ಚುಚ್ಚುತ್ತೆ ಅಂದರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇದ್ಯಾವುದೂ ಇಲ್ಲದಿದ್ದರೂ ಅವತ್ತು ಮತ್ತೆ ಅಂಕಣಕ್ಕೆ ಇಳಿಸಬೇಡಿ. ಕುತ್ತಿಗೆ ನೋವು ಅಂದರೆ ಎಬ್ಬಿಸಿ ಕೂರಿಸಬೇಡಿ, ಇದ್ದ ಹಾಗೇ ಮಲಗಿಸಿ 108ಕ್ಕೆ ಫೋನ್ ಮಾಡಿ. ಫೈನಲ್ ಇದ್ದರೂ ಅಷ್ಟೇ.

ಇರಾನ್ ನೋಡಿ ಕಲಿತದ್ದು

ಡಿಫೆನ್ಸ್ ಕಲಿತರೆ ಏನು ಸಿಗುತ್ತೆ ಅನ್ನೋರಿಗೆ ಒಂದು ಉದಾಹರಣೆ ಕೊಡ್ತೀನಿ. 2018ರ ಜಕಾರ್ತ ಏಷ್ಯನ್ ಗೇಮ್ಸ್. ಅಲ್ಲಿವರೆಗೆ ಏಷ್ಯಾಡ್ ಕಬಡ್ಡಿಯಲ್ಲಿ ಚಿನ್ನ ಬಿಟ್ಟುಕೊಡದ ಭಾರತದ ಪುರುಷರನ್ನ ಇರಾನ್ ಸೆಮಿಫೈನಲ್‌ನಲ್ಲಿ 27–18ರಿಂದ ಸೋಲಿಸಿತು. ಮಹಿಳೆಯರ ಫೈನಲ್‌ನಲ್ಲೂ ಇರಾನ್ 27–24. ನಮ್ಮಲ್ಲಿ ಹೆಸರಾಂತ ರೈಡರ್‌ಗಳಿಗೆ ಬರ ಇರಲಿಲ್ಲ. 18 ಪಾಯಿಂಟ್‌ಗೆ ಅವರನ್ನ ಕಟ್ಟಿ ಹಾಕಿದ್ದು ಹಿಡಿತ. ಕುಸ್ತಿ ಇರಾನಿಗರ ಮನೆ ಆಟ. ಕಾಲು ಹಿಡಿದು ಎತ್ತೋದು ಅವರಿಗೆ ಹೊಸದಲ್ಲ. ಫಜಲ್ ಅತ್ರಾಚಲಿ ಪ್ರೊ ಕಬಡ್ಡಿಯಲ್ಲಿ ಎಡ ಮೂಲೆಗೆ ಇನ್ನೊಂದು ಹೆಸರು ಆದದ್ದು, ಆಮೇಲೆ ಶಾದ್ಲೂಯಿ ಬಂದದ್ದು ಇದೇ ದಾರಿಯಲ್ಲಿ. 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಹರಿಯಾಣವನ್ನ 28–25ರಿಂದ ಗೆದ್ದಾಗ ಅದರ ಡಿಫೆನ್ಸ್‌ನಲ್ಲಿ ಇದೇ ಶಾದ್ಲೂಯಿ ಇದ್ದ. ಅದೇ ವರ್ಷ ಡಿಸೆಂಬರ್‌ನಲ್ಲಿ ಹರಿಯಾಣ ಪಟ್ನಾವನ್ನ 32–23ರಿಂದ ಗೆದ್ದಾಗ ಅವನು ಹರಿಯಾಣದಲ್ಲಿದ್ದ. ಎರಡೂ ಕಡಿಮೆ ಪಾಯಿಂಟಿನ ಫೈನಲ್. ಅಂದಹಾಗೆ ಆ ಪುಣೆ ತಂಡದ ಕೋಚ್ ನಮ್ಮ ರಾಜ್ಯದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್.

ಕುಸ್ತಿ ನಮ್ಮಲ್ಲೂ ಇತ್ತಲ್ಲ? ಜಾತ್ರೆ ಕುಸ್ತಿ ನೋಡಿ ಬೆಳೆದವರು, ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು ಊರೂರಲ್ಲಿ ಇನ್ನೂ ಇದ್ದಾರೆ. ತಲೆ ಎಲ್ಲಿಡಬೇಕು, ಭಾರ ಯಾವ ಕಾಲಿನ ಮೇಲಿದೆ ಅಂತ ಕಂಡುಹಿಡಿಯೋದು ಹೇಗೆ ಅನ್ನೋದು ಅವರಿಗೆ ಗೊತ್ತು. ವಾರಕ್ಕೊಂದು ಸಂಜೆ ಅಂಥ ಒಬ್ಬ ಹಿರಿಯರನ್ನ ಶಾಲೆಗೆ ಕರೆಸೋಕೆ ಯಾವ ಆದೇಶವೂ ಬೇಡ. ಪಿ.ಟಿ. ಸರ್ ಇಲ್ಲದ ಶಾಲೆಯಲ್ಲಿ ಕನ್ನಡ ಮೇಷ್ಟ್ರೇ ಶಿಳ್ಳೆ ಊದೋ ಪರಿಸ್ಥಿತಿ ಇರುವಾಗ ಇದು ಇನ್ನೂ ಮುಖ್ಯ.

ಹೆಣ್ಣುಮಕ್ಕಳ ವಿಷಯ ಬೇರೆ ಹೇಳಬೇಕು. ಮಹಿಳಾ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಬಂದದ್ದೇ 2010ರಲ್ಲಿ, ಗುವಾಂಗ್‌ಝೌನಲ್ಲಿ. ಚಿನ್ನ ಗೆದ್ದ ಆ ತಂಡದಲ್ಲಿ ಕರ್ನಾಟಕದ ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ ಇಬ್ಬರೂ ಇದ್ದರು, ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂತು. ನಮ್ಮ ಮೂರು ತಾಲೂಕಿನ ಹುಡುಗಿಯರಿಗೆ ಕಷ್ಟ ಇರೋದು ಆಟದಲ್ಲಲ್ಲ. ಸಂಜೆ ಅಭ್ಯಾಸ ಮುಗಿದ ಮೇಲೆ ಊರಿಗೆ ಬಸ್ ಇಲ್ಲ, ಮೈದಾನದಲ್ಲಿ ಶೌಚಾಲಯ ಇಲ್ಲ, ಹಿಡಿತ ಹೇಳಿಕೊಡೋಕೆ ಹೆಣ್ಣು ತರಬೇತುದಾರರಿಲ್ಲ. ಗಂಡು ಮೇಷ್ಟ್ರು ದೂರ ನಿಂತು ಬಾಯಲ್ಲೇ ಹೇಳ್ತಾರೆ, ಹಿಡಿತ ಬಾಯಲ್ಲಿ ಬರೋ ವಿದ್ಯೆ ಅಲ್ಲ. ಕಾಲೇಜಿಗೆ ಹೋದ ಹಳೆಯ ಆಟಗಾರ್ತಿಯರನ್ನ ಕರೆಸಿದ ಕಡೆ ಮಾತ್ರ ಹುಡುಗಿಯರ ಡಿಫೆನ್ಸ್ ಕಾಣಿಸ್ತಿದೆ.

ಆಯ್ಕೆ ಪ್ರಕ್ರಿಯೆಯೂ ಬದಲಾಗಬೇಕು. ಟ್ರಯಲ್ಸ್ ಅಂದರೆ ಒಬ್ಬೊಬ್ಬರನ್ನ ದಾಳಿಗೆ ಕಳಿಸಿ ಯಾರು ಹೆಚ್ಚು ಮುಟ್ಟಿ ಬಂದರು ಅಂತ ಬರೆದುಕೊಳ್ಳೋದು. ಮೂಲೆ ಹುಡುಗನ ಕೆಲಸ ಆ ಹಾಳೆಯಲ್ಲಿ ಬರೋದೇ ಇಲ್ಲ. ಹಿಡಿತ ಎಷ್ಟು, ತಪ್ಪಿದ್ದೆಷ್ಟು, ಖಾಲಿ ಕಳಿಸಿದ್ದೆಷ್ಟು ಅಂತ ಮೂರು ಕಾಲಂ ಹಾಕೋಕೆ ಒಂದು ನೋಟ್‌ಬುಕ್ ಸಾಕು. ಕ್ರೀಡಾ ಕೋಟಾದಲ್ಲಿ ಒಂದು ಸೀಟು, ಒಂದು ನೌಕರಿ ಅಂತ ಆಸೆ ಇಟ್ಟುಕೊಂಡು ಆಡೋ ಮಕ್ಕಳಿಗೆ ಆ ಹಾಳೆ ಸಣ್ಣ ವಿಷಯ ಅಲ್ಲ.

ತುಟಿ ಸೀಳಿಕೊಂಡ ಹುಡುಗನನ್ನ ಮುಂದಿನ ವರ್ಷ ಮತ್ತೆ ನೋಡಿದೆ. ಅಪ್ಪನನ್ನ ಹೇಗೆ ಒಪ್ಪಿಸಿದ ಅಂತ ಕೇಳಿದ್ದಕ್ಕೆ "ಅವ್ವ ಹೇಳಿದ್ಲ್ರಿ" ಅಂದ, ಅಷ್ಟೇ. ಅದೇ ಎಡ ಮೂಲೆ. ಪಂದ್ಯಕ್ಕೆ ಮೊದಲು ಅವರ ಸರ್ ಒಬ್ಬೊಬ್ಬರ ಉಗುರು ನೋಡಿ, ಕೈಗೆ ಕಟ್ಟಿದ ದಾರ, ಕಡಗ ಬಿಚ್ಚಿಸಿ, ಮೈಗೆ ಎಣ್ಣೆ ಹಚ್ಚಿದವನನ್ನ ನಲ್ಲಿಗೆ ಕಳಿಸಿದರು. ಮೊದಲ ದಾಳಿಗೆ ಬಂದವನು ಬೋನಸ್ ಗೆರೆಗೆ ಕಾಲು ಚಾಚಿದ. ಗೆರೆಯಾಚೆಯಿಂದ ಮತ್ತೆ ಅದೇ ಕೂಗು, "ಹಿಡೀಲೇ!" ಹುಡುಗ ಒಂದು ಹೆಜ್ಜೆ ಹಿಂದೆ ಸರಿದು, ಪಕ್ಕದವನ ಕೈ ಬಿಗಿಯಾಗಿ ಹಿಡಿದುಕೊಂಡು, ಸುಮ್ಮನೆ ನಿಂತ.